ಮುಖ್ಯೋಪಾಧ್ಯಾಯರ ನಡೆ, ಅಧ್ಯಾಪಕರ ನೆಲೆ

(ಗಡಿನಾಡಿನ ಕನ್ನಡ ಮಾಧ್ಯಮ ಅಧ್ಯಾಪಕರ ಶಿಬಿರಕ್ಕಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ರಾಜ್ಯಭಾಷೆಯ ಶಾಲೆಯಿಂದ ಒಬ್ಬ ಅಧ್ಯಾಪಕರು ವರ್ಗಾವಣೆ ಪಡೆದು ಹೋದರೆ ಪಕ್ಕದ ತಾಲ್ಲೂಕಿನಿಂದಲಾದರೂ ಮತ್ತೊಬ್ಬರು ಬಂದಾರು. ಕಾಸರಗೋಡಿನಲ್ಲಿಯೋ ಜತ್ತದಲ್ಲಿಯೋ ತಾಳವಾಡಿಯಲ್ಲಿಯೋ ಕನ್ನಡದಲ್ಲಿ ಗಣಿತ ಕಲಿಸಬಲ್ಲವರು ಹಾಗೆ ಸುಲಭವಾಗಿ ದೊರೆಯುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಆ ಸೌಲಭ್ಯವೆಂದರೆ ಕಟ್ಟಕಡೆಗೆ ಕರಿಹಲಗೆಯ ಮುಂದೆ ನಿಂತ ಒಬ್ಬ ಅಧ್ಯಾಪಕರೇ. ಅವರು ಉಳಿಯುವರೋ ಹೋಗುವರೋ ಎಂಬುದು ಆದ್ದರಿಂದ ಬರಿಯ ಕಚೇರಿಯ ವಿಷಯವಲ್ಲ.

ಅಧ್ಯಾಪಕರು ಶಾಲೆ ಬಿಡುವುದಕ್ಕೆ ಊರಿನ ದೂರ, ವೃದ್ಧ ತಂದೆತಾಯಿ, ಸಂಬಳ ಮುಂತಾದ ಕಾರಣಗಳಿರುತ್ತವೆ. ಇವು ಮುಖ್ಯೋಪಾಧ್ಯಾಯರ ಕೈಮೀರಿದವು. ಆದರೆ ವರ್ಗಾವಣೆಯ ಅರ್ಜಿಯಲ್ಲಿ ಬರೆದ ಕಾರಣವೇ ಯಾವಾಗಲೂ ಮನಸ್ಸಿನ ಕಾರಣವಾಗಿರುವುದಿಲ್ಲ. ‘ಕೌಟುಂಬಿಕ’ ಎಂಬ ಒಂದೇ ಪದ ಎಷ್ಟೋ ಸಂಗತಿಗಳನ್ನು ಮುಚ್ಚಿಕೊಳ್ಳಬಲ್ಲದು. ಅಮೆರಿಕದ ಸಮಾಜಶಾಸ್ತ್ರಜ್ಞ ರಿಚರ್ಡ್ ಇಂಗರ್‌ಸಾಲ್ ಆ ದೇಶದ ರಾಷ್ಟ್ರೀಯ ಸಮೀಕ್ಷೆಗಳನ್ನು ಆಧರಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಪ್ರಸಿದ್ಧವಾದದ್ದು. ಅಧ್ಯಾಪಕರ ಕೊರತೆಗೆ ನಿವೃತ್ತಿಯೇ ಕಾರಣವೆಂಬ ರೂಢಿಯ ನಂಬಿಕೆಯನ್ನು ಅವರು ಒಪ್ಪಲಿಲ್ಲ. ನಿವೃತ್ತಿಗೆ ಬಹಳ ಮೊದಲೇ ಬಿಟ್ಟುಹೋಗುವವರ ಸಂಖ್ಯೆಯೇ ದೊಡ್ಡದೆಂದು ತೋರಿಸಿದರು. ಆಡಳಿತದ ಬೆಂಬಲವಿದ್ದ, ನಿರ್ಧಾರಗಳಲ್ಲಿ ಅಧ್ಯಾಪಕರ ಮಾತಿಗೆ ಸ್ಥಾನವಿದ್ದ ಶಾಲೆಗಳಲ್ಲಿ ಹಾಗೆ ಹೋಗುವವರು ಕಡಿಮೆಯಿದ್ದರು. ಅಲ್ಲಿಯ ಶಾಲಾಪದ್ಧತಿ ಬೇರೆ, ಇಲ್ಲಿಯದು ಬೇರೆ. ಆದರೂ ತೂತುಬಿದ್ದ ಕೊಡಕ್ಕೆ ನೀರು ಸುರಿದಂತೆ ಬರಿಯ ನೇಮಕಾತಿಯಿಂದ ಕೊರತೆ ನೀಗದೆಂಬ ಅವರ ವಾದ ಇಲ್ಲಿಯೂ ಸಲ್ಲುತ್ತದೆ.

ಈ ‘ಬೆಂಬಲ’ವು ಗಡಿನಾಡಿನ ಶಾಲೆಯಲ್ಲಿ ಯಾವ ರೂಪದಲ್ಲಿರುತ್ತದೆಂಬುದನ್ನು ನೋಡಬೇಕು. ಕಚೇರಿಯ ಸುತ್ತೋಲೆ ಕಾಸರಗೋಡಿನಲ್ಲಿ ಮಲಯಾಳದಲ್ಲಿ, ಅಕ್ಕಲಕೋಟೆಯಲ್ಲಿ ಮರಾಠಿಯಲ್ಲಿ, ತಾಳವಾಡಿಯಲ್ಲಿ ತಮಿಳಿನಲ್ಲಿ ಬರುತ್ತದೆ. ಎರಡೂ ಭಾಷೆ ಬಲ್ಲ ಒಬ್ಬ ಕಿರಿಯ ಅಧ್ಯಾಪಕಿ ಇದ್ದರೆ ಸುತ್ತೋಲೆಯ ಅನುವಾದ, ಅಂಕಿಅಂಶಗಳ ನಮೂನೆ, ಪೋಷಕರಿಗೆ ಬರೆಯುವ ಪತ್ರ ಎಲ್ಲವೂ ಆಕೆಯ ಪಾಲಿಗೆ ಬೀಳುತ್ತವೆ. ಪಾಠದ ಅವಧಿಗಳಲ್ಲಿ ಮಾತ್ರ ಒಂದೂ ಕಡಿಮೆಯಾಗುವುದಿಲ್ಲ. ಆ ಕೆಲಸವನ್ನು ಕೆಲಸವೆಂದು ಗುರುತಿಸಿ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಅವಧಿ ಬಿಡುವು ಕೊಡುವುದಕ್ಕೆ ಯಾವ ಸರಕಾರಿ ಆದೇಶಕ್ಕೂ ಕಾಯಬೇಕಾಗಿಲ್ಲ. ಅಷ್ಟೂ ಆಗದಿದ್ದರೆ, ಮೇಲಧಿಕಾರಿಗಳು ಬಂದಾಗ ‘ಇದನ್ನು ಸಿದ್ಧಪಡಿಸಿದವರು ಇವರು’ ಎಂದು ಹೇಳುವುದಕ್ಕೇನು ಅಡ್ಡಿ?

ಮಕ್ಕಳ ಎದುರಿನಲ್ಲಿ ಗದರಿಸುವುದು ಇನ್ನೊಂದು. ಹತ್ತು ನಿಮಿಷ ತಡವಾಗಿ ಬಂದವರನ್ನು ಪ್ರಾರ್ಥನಾಸಭೆಯಲ್ಲಿಯೇ ಪ್ರಶ್ನಿಸುವ ಮುಖ್ಯೋಪಾಧ್ಯಾಯರಿದ್ದಾರೆ. ಆ ಭಾಗಕ್ಕೆ ಬೆಳಿಗ್ಗೆ ಬರುವ ಬಸ್ಸು ಒಂದೇ ಎಂಬುದು ಅವರಿಗೂ ತಿಳಿದಿರುತ್ತದೆ. ಅದೇ ಮಾತನ್ನು ಕೊಠಡಿಯೊಳಗೆ ಕರೆದು ಹೇಳಿದರೆ ಶಿಸ್ತಿಗೆ ಕುಂದಿಲ್ಲ. ಮೃದುವಾಗಿರುವುದೇ ಒಳ್ಳೆಯ ಆಡಳಿತವೆಂದು ಇಲ್ಲಿ ವಾದಿಸುತ್ತಿಲ್ಲ. ಪಾಠ ಸಿದ್ಧಪಡಿಸದೆ ಬರುವವರನ್ನು ಸಹಿಸುತ್ತ ಹೋದರೆ ದುಡಿಯುವವರೇ ಮೊದಲು ಬೇಸತ್ತು ಹೊರಡುತ್ತಾರೆ. ಬಿಗಿಯೂ ನ್ಯಾಯವೂ ಒಟ್ಟಿಗಿರಬೇಕು.

‘ಕನ್ನಡ ಓದಿ ಏನು ಪ್ರಯೋಜನ?’ ಎಂದು ಪೋಷಕರು ವರ್ಗಾವಣಾಪತ್ರ ಕೇಳಲು ಬರುವ ದಿನ ಎಲ್ಲಕ್ಕಿಂತ ಕಠಿನವಾದದ್ದು. ಮಕ್ಕಳ ಸಂಖ್ಯೆ ಕುಸಿದರೆ ಹುದ್ದೆಯೇ ಹೋಗುತ್ತದೆ. ಆಗ ‘ನಿಮ್ಮ ಪಾಠ ಸರಿಯಿಲ್ಲದ್ದರಿಂದಲೇ ಮಕ್ಕಳು ಹೋಗುತ್ತಿದ್ದಾರೆ’ ಎಂದು ತರಗತಿಯ ಅಧ್ಯಾಪಕರನ್ನು ದೂರುವ ಮುಖ್ಯೋಪಾಧ್ಯಾಯರು, ತಮಗೆ ಅರಿವಿಲ್ಲದೆಯೇ, ಮುಂದಿನ ಅರ್ಜಿಗೆ ದಾರಿ ಮಾಡಿಕೊಡುತ್ತಾರೆ. ಅವರೊಡನೆ ಆ ಮನೆಗೆ ಹೋಗಿ ಮಾತನಾಡಿದ ಮುಖ್ಯೋಪಾಧ್ಯಾಯರು ಮಗುವನ್ನು ಉಳಿಸಿಕೊಳ್ಳದಿದ್ದರೂ ಅಧ್ಯಾಪಕರನ್ನು ಉಳಿಸಿಕೊಂಡಾರು.

ಮುಖ್ಯೋಪಾಧ್ಯಾಯರ ಹೊರೆಯೂ ಹಗುರವಲ್ಲ. ಚಿಕ್ಕ ಶಾಲೆಗಳಲ್ಲಿ ಅವರೇ ಒಂದು ತರಗತಿಯನ್ನು ನೋಡಿಕೊಳ್ಳುತ್ತಾರೆ, ಬಿಸಿಯೂಟದ ಲೆಕ್ಕ ಬರೆಯುತ್ತಾರೆ, ಬೇರೊಂದು ಭಾಷೆಯ ಸಭೆಗಳಲ್ಲಿ ಉತ್ತರ ಕೊಡುತ್ತಾರೆ. ಕಚೇರಿಯಲ್ಲಿ ಕೇಳಿದ ಬಿರುನುಡಿ ಮರುದಿನ ಅಧ್ಯಾಪಕರ ಕೊಠಡಿಗೆ ಇಳಿಯುವುದು ಹೀಗೆಯೇ. ಜೂನ್ ತಿಂಗಳಲ್ಲಿ ವೇಳಾಪಟ್ಟಿ ಬರೆಯುವ ಮೊದಲು ಎಲ್ಲರನ್ನೂ ಕೂಡಿಸಿ ಯಾರಿಗೆ ಯಾವ ತರಗತಿ, ಯಾವ ಹೊರೆ ಎಂದು ಒಂದು ಗಂಟೆ ಮಾತನಾಡಿದರೆ ಅವರ ಭಾರವೂ ಕೊಂಚ ಹಂಚಿಹೋಗುತ್ತದೆ. ಹೊಸದಾಗಿ ಬಂದವರಿಗೆ ಆ ದಿನವೇ ಮಾತನಾಡಲು ಮೊದಲ ಅವಕಾಶ ಕೊಡುವುದು ಒಳಿತು.