ವಿಮಾನದೊಳಗಿನ ಗಾಳಿ ಎಲ್ಲಿಂದ ಬರುತ್ತದೆ?

ಮಕ್ಕಳೇ, ವಿಮಾನದ ಕಿಟಕಿ ತೆರೆಯಲು ಬರುವುದಿಲ್ಲ. ಬಾಗಿಲನ್ನೂ ಭದ್ರವಾಗಿ ಹಾಕಿರುತ್ತಾರೆ. ಏರ್‌ಬಸ್ 320ರಂಥ ವಿಮಾನದಲ್ಲಿ 180 ಜನ ಭುಜಕ್ಕೆ ಭುಜ ತಾಗುವಂತೆ ಕೂತಿರುತ್ತಾರೆ. ಬೆಂಗಳೂರಿನಿಂದ ದೆಹಲಿಗೆ ಎರಡೂವರೆ ಗಂಟೆ ಹಾಗೇ ಕೂತಿರಬೇಕು. ಯಾರೋ ಕೆಮ್ಮುತ್ತಾರೆ, ಯಾರೋ ಸೀನುತ್ತಾರೆ, ಉಸಿರಾಟವಂತೂ ಎಲ್ಲರದೂ ನಡೆದೇ ಇರುತ್ತದೆ. ಹಾಗಾದರೆ ಒಳಗಿನ ಗಾಳಿ ಕೆಟ್ಟುಹೋಗುವುದಿಲ್ಲವೇ?

ಬಾಗಿಲು ಹಾಕುವಾಗ ಒಳಗೆ ಎಷ್ಟು ಗಾಳಿ ಇತ್ತೋ ಅಷ್ಟನ್ನೇ ಇಳಿಯುವ ತನಕ ಎಲ್ಲರೂ ಹಂಚಿಕೊಳ್ಳುತ್ತಾರೆ ಎಂದು ದೊಡ್ಡವರಲ್ಲೂ ಬಹಳ ಮಂದಿ ನಂಬಿದ್ದಾರೆ. ಅದು ತಪ್ಪು. ಹಾರುತ್ತಿರುವ ವಿಮಾನದೊಳಗೆ ಎರಡು ಮೂರು ನಿಮಿಷಕ್ಕೊಮ್ಮೆ ಗಾಳಿ ಪೂರ್ತಿ ಬದಲಾಗುತ್ತದೆ. ಅಂದರೆ ಗಂಟೆಗೆ 20ರಿಂದ 30 ಸಲ! ಕಿಟಕಿ ಬಾಗಿಲು ಮುಚ್ಚಿಕೊಂಡು ನಾವು ಮನೆಯೊಳಗೆ ಕೂತರೆ ಗಂಟೆಗೆ ಒಂದು ಸಲ ಬದಲಾದರೂ ಹೆಚ್ಚು.

ಹೊರಗೆ ಅಷ್ಟೊಂದು ಗಾಳಿ ಇದೆಯಲ್ಲ, ಒಂದು ತೂತು ಇಟ್ಟರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು. ವಿಮಾನ ಹಾರುವುದು ನೆಲದಿಂದ 10–12 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿನ ಚಳಿ ಸೊನ್ನೆಗಿಂತ 50 ಡಿಗ್ರಿ ಕೆಳಗೆ. ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಕಾಲು ಭಾಗದಷ್ಟು, ಇನ್ನೂ ಮೇಲೆ ಹೋದರೆ ಅಷ್ಟೂ ಇಲ್ಲ. ಆ ಗಾಳಿಯಲ್ಲೂ ಆಮ್ಲಜನಕ ನೂರಕ್ಕೆ 21 ಪಾಲು ಇದ್ದೇ ಇದೆ. ಆದರೆ ಗಾಳಿಯೇ ತೀರಾ ತೆಳುವಾಗಿರುವುದರಿಂದ ಒಂದು ಉಸಿರಿಗೆ ಸಿಗುವ ಆಮ್ಲಜನಕ ಏನೇನೂ ಸಾಲದು. ಅಂಥ ಗಾಳಿಯಲ್ಲಿ ಸುಮಾರು ಒಂದು ನಿಮಿಷದೊಳಗೆ ಮನುಷ್ಯನ ಬುದ್ಧಿ ಮಂಕಾಗಿ ಎಚ್ಚರ ತಪ್ಪತೊಡಗುತ್ತದೆ.

ಆದ್ದರಿಂದ ಆ ತೆಳು ಗಾಳಿಯನ್ನು ಒತ್ತಿ ದಟ್ಟ ಮಾಡಿ ಒಳಗೆ ಕಳಿಸಬೇಕು. ಈ ಕೆಲಸವನ್ನು ಹೆಚ್ಚಿನ ವಿಮಾನಗಳಲ್ಲಿ ಮಾಡುವುದು ಎಂಜಿನ್. ಎಂಜಿನ್ನಿನ ಮುಂದೆ ತಿರುಗುವ ದೊಡ್ಡ ಫ್ಯಾನನ್ನು ನೀವು ನೋಡಿರುತ್ತೀರಿ. ಅದರ ಹಿಂದೆ ಸಾಲುಸಾಲಾಗಿ ಪುಟ್ಟ ಪುಟ್ಟ ಬ್ಲೇಡುಗಳಿರುತ್ತವೆ. ಪ್ರತಿ ಸಾಲೂ ಗಾಳಿಯನ್ನು ಇನ್ನಷ್ಟು ಒತ್ತುತ್ತಾ ಹೋಗುತ್ತದೆ. ಇಂಧನ ಬೆರೆತು ಉರಿಯುವುದಕ್ಕೆ ಮೊದಲೇ, ಈ ಒತ್ತಿದ ಗಾಳಿಯಲ್ಲಿ ಸ್ವಲ್ಪವನ್ನು ಒಂದು ಕೊಳವೆ ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಸೈಕಲ್ಲಿಗೆ ಜೋರಾಗಿ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಎಂಜಿನ್ನಿನಿಂದ ಬಂದ ಗಾಳಿಯಂತೂ ಎಷ್ಟೋ ಸಲ 200 ಡಿಗ್ರಿ ದಾಟಿರುತ್ತದೆ. ಅದನ್ನು ವಿಮಾನದ ಹೊಟ್ಟೆಯ ಕೆಳಗಿರುವ ಯಂತ್ರಗಳು ತಣ್ಣಗೆ ಮಾಡಿ, ನಮಗೆ ಹಿತವಾಗುವ ಹದಕ್ಕೆ ತಂದು ಒಳಗೆ ಬಿಡುತ್ತವೆ.

ಎಷ್ಟು ಗಾಳಿ ಬಿಡಬೇಕು ಎಂಬುದಕ್ಕೂ ಲೆಕ್ಕವಿದೆ. ಅಮೆರಿಕದ ನಿಯಮದ ಪ್ರಕಾರ ವಿಮಾನವನ್ನು ರೂಪಿಸುವಾಗ, ಒಬ್ಬೊಬ್ಬರಿಗೆ ನಿಮಿಷಕ್ಕೆ ಕಾಲು ಕಿಲೋ ಹೊಸ ಗಾಳಿ ಸಿಗುವಂತೆ ಮಾಡಿರಬೇಕು. ಗಾಳಿಯನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾರೆಯೇ ಎಂದು ಆಶ್ಚರ್ಯಪಡಬೇಡಿ, ಗಾಳಿಗೂ ತೂಕವಿದೆ. ಕಾಲು ಕಿಲೋ ಅಂದರೆ ಹೆಚ್ಚುಕಡಿಮೆ 200 ಲೀಟರಿಗೂ ಮಿಕ್ಕಿದ ಗಾಳಿ. ಗಂಟೆಗೆ ಲೆಕ್ಕ ಹಾಕಿದರೆ ಒಬ್ಬರಿಗೆ 15 ಕಿಲೋ!

ಹೀಗೆ ಗಾಳಿ ಒಳಗೆ ಬರುತ್ತಲೇ ಇದ್ದರೆ ವಿಮಾನ ಉಬ್ಬಿ ಒಡೆದುಹೋಗಬೇಕಲ್ಲ? ಅದಕ್ಕೇ ಹೊರಕ್ಕೂ ಒಂದು ದಾರಿ ಇಟ್ಟಿದ್ದಾರೆ. ಸಾಮಾನ್ಯವಾಗಿ ಹಿಂಭಾಗದಲ್ಲಿ ಒಂದು ಕವಾಟವಿದ್ದು, ಅದು ಬೇಕಾದಷ್ಟೇ ತೆರೆದು ಮುಚ್ಚುತ್ತಾ ಒಳಗಿನ ಒತ್ತಡವನ್ನು ಹದದಲ್ಲಿ ಇಡುತ್ತದೆ. ಆದರೂ ಒಳಗೆ ಸಮುದ್ರಮಟ್ಟದ ಒತ್ತಡ ಇರುವುದಿಲ್ಲ. ಅಷ್ಟು ಒತ್ತಡ ತಡೆಯಬೇಕಾದರೆ ವಿಮಾನದ ಮೈ ಇನ್ನೂ ಗಟ್ಟಿಯಾಗಿ, ಇನ್ನೂ ಭಾರವಾಗಿ ಇರಬೇಕಾಗುತ್ತದೆ. ಆದ್ದರಿಂದ ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಗಾಳಿ ಒಳಗಿರಲಿ ಎಂದು ನಿಯಮ ಮಾಡಿದ್ದಾರೆ. ಅದು ಊಟಿ ಪಟ್ಟಣಕ್ಕಿಂತ ಸ್ವಲ್ಪ ಮೇಲೆ, ದೊಡ್ಡಬೆಟ್ಟದ ತುದಿಗಿಂತ ಸ್ವಲ್ಪ ಕೆಳಗೆ. ನೆಲದಲ್ಲಿ ಕಟ್ಟಿದ ಚಿಪ್ಸ್ ಪೊಟ್ಟಣ ಮೇಲೆ ಹೋದಾಗ ಉಬ್ಬುವುದು, ನಿಮ್ಮ ಕಿವಿ ಗುಂಯ್ ಎನ್ನುವುದು ಇದೇ ಕಾರಣಕ್ಕೆ. ಬೋಯಿಂಗ್ 787, ಏರ್‌ಬಸ್ 350ರಂಥ ಹೊಸ ವಿಮಾನಗಳ ಮೈಯಲ್ಲಿ ಇಂಗಾಲದ ನಾರು ಸೇರಿದ ವಸ್ತುವನ್ನು ಹೆಚ್ಚಾಗಿ ಬಳಸುತ್ತಾರೆ. ಅವು ಹೆಚ್ಚು ಒತ್ತಡ ತಾಳುವಂತೆ ಮಾಡಿದ್ದರಿಂದ ಒಳಗೆ 6,000 ಅಡಿ ಎತ್ತರದಷ್ಟು ಗಾಳಿ ಇಡಲು ಸಾಧ್ಯವಾಗಿದೆ. ಅಂದರೆ ನಮ್ಮ ಮುಳ್ಳಯ್ಯನಗಿರಿ ಶಿಖರಕ್ಕಿಂತ ತುಸು ಕೆಳಗೆ. ದೂರ ಪ್ರಯಾಣದಲ್ಲಿ ತಲೆನೋವು, ದಣಿವು ಕಡಿಮೆಯಾಗಲು ಇದು ನೆರವಾಗುತ್ತದೆ.

ಎತ್ತರದಲ್ಲಿ ಇನ್ನೊಂದು ತೊಂದರೆ ಇದೆ. ಅದು ಓಝೋನ್. ಸೂರ್ಯನ ಕೆಟ್ಟ ಕಿರಣಗಳನ್ನು ತಡೆದು ನಮ್ಮನ್ನು ಕಾಯುವ ಅನಿಲ ಅದು. ದೂರದಲ್ಲಿದ್ದರೆ ಒಳ್ಳೆಯದು, ಉಸಿರಿನಲ್ಲಿ ಸೇರಿದರೆ ಕಣ್ಣು ಉರಿ, ಕೆಮ್ಮು, ಎದೆನೋವು. 1970ರ ದಶಕದಲ್ಲಿ ಬಹಳ ಎತ್ತರದಲ್ಲಿ ಬಹಳ ದೂರ ಹಾರುವ ವಿಮಾನಗಳು ಬಂದಾಗ ಸಿಬ್ಬಂದಿಯೂ ಪ್ರಯಾಣಿಕರೂ ಹೀಗೆ ನರಳಿದರು. 1980ರಲ್ಲಿ ಅಮೆರಿಕ ಇದಕ್ಕೆ ಮಿತಿ ಹಾಕಿತು. ಈಗ ದೂರ ಹೋಗುವ ವಿಮಾನಗಳ ಗಾಳಿಯ ಕೊಳವೆಯಲ್ಲೇ ಒಂದು ಸಾಧನ ಇರುತ್ತದೆ. ಅದರೊಳಗೆ ಪಲ್ಲಾಡಿಯಂನಂಥ ಲೋಹವನ್ನು ಲೇಪಿಸಿರುತ್ತಾರೆ. ಅದನ್ನು ಹಾದುಹೋಗುವ ಓಝೋನ್ ಮಾಮೂಲಿ ಆಮ್ಲಜನಕವಾಗಿ ಬದಲಾಗುತ್ತದೆ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರೋಣ, ಫಿಲ್ಟರಿಗೆ. ಸಾಮಾನ್ಯವಾಗಿ ವಿಮಾನದೊಳಗಿನ ಗಾಳಿಯಲ್ಲಿ ಅರ್ಧ ಹೊರಗಿನಿಂದ ಆಗಷ್ಟೇ ಬಂದದ್ದು. ಉಳಿದರ್ಧ, ಒಳಗಿನದೇ ಗಾಳಿಯನ್ನು ಶುದ್ಧ ಮಾಡಿ ಮತ್ತೆ ಬಿಟ್ಟದ್ದು. ಶುದ್ಧ ಮಾಡುವುದು ಹೆಪಾ ಫಿಲ್ಟರ್. ಆಸ್ಪತ್ರೆಗಳ ಆಪರೇಷನ್ ಕೋಣೆಗಳಲ್ಲೂ ಇಂಥದೇ ಇರುತ್ತದೆ. ಬಹಳ ಸಣ್ಣ ಗಾಜಿನ ನಾರುಗಳನ್ನು ಅಡ್ಡಾದಿಡ್ಡಿ ಹರಡಿ ಮಾಡಿದ ಹಾಳೆಯನ್ನು ನೆರಿಗೆ ನೆರಿಗೆಯಾಗಿ ಮಡಚಿ ಪೆಟ್ಟಿಗೆಯೊಳಗೆ ಕೂರಿಸಿರುತ್ತಾರೆ.

ಇದು ಹಿಟ್ಟಿನ ಜರಡಿಯ ಹಾಗೆ ಕೆಲಸ ಮಾಡುವುದಿಲ್ಲ. ಜರಡಿಯಲ್ಲಿ ತೂತಿಗಿಂತ ದೊಡ್ಡದು ನಿಲ್ಲುತ್ತದೆ, ಸಣ್ಣದು ಇಳಿಯುತ್ತದೆ. ಹೆಪಾದಲ್ಲಿ ನಾರುಗಳ ನಡುವಿನ ಸಂದು ಎಷ್ಟೋ ಕಣಗಳಿಗಿಂತ ದೊಡ್ಡದು. ಆದರೂ ಕಣ ಸಿಕ್ಕಿಬೀಳುತ್ತದೆ! ಗಾಳಿ ನಾರುಗಳ ನಡುವೆ ಸುತ್ತಿ ಬಳಸಿ ಸಾಗುವಾಗ, ದಪ್ಪ ಕಣಕ್ಕೆ ಅಷ್ಟು ಬೇಗ ತಿರುಗಲು ಆಗುವುದಿಲ್ಲ. ಅದು ನೇರ ಹೋಗಿ ನಾರಿಗೆ ಬಡಿದು ಅಲ್ಲೇ ಅಂಟಿಕೊಳ್ಳುತ್ತದೆ. ತೀರಾ ಸಣ್ಣ ಕಣದ ಕಥೆ ಬೇರೆ. ಗಾಳಿಯ ಅಣುಗಳು ಅದನ್ನು ಎಡಕ್ಕೂ ಬಲಕ್ಕೂ ತಳ್ಳುತ್ತಲೇ ಇರುತ್ತವೆ. ಅದು ನೆಟ್ಟಗೆ ಹೋಗಲಾರದೆ ಓಲಾಡುತ್ತಾ ಯಾವುದಾದರೊಂದು ನಾರಿಗೆ ತಾಗಿಯೇ ತಾಗುತ್ತದೆ. ಹಿಡಿಯಲು ಎಲ್ಲಕ್ಕಿಂತ ಕಷ್ಟವಾದದ್ದು ನಡುವಿನದು, ಸುಮಾರು 0.3 ಮೈಕ್ರಾನ್ ಗಾತ್ರದ್ದು. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಮೈಕ್ರಾನ್. ಅದರಲ್ಲೂ ಮೂರನೇ ಒಂದು ಪಾಲಿನಷ್ಟು. ಅದಕ್ಕೇ ಹೆಪಾ ಫಿಲ್ಟರಿನ ಪರೀಕ್ಷೆಯನ್ನು ಈ ಗಾತ್ರದ ಕಣದಿಂದಲೇ ಮಾಡುತ್ತಾರೆ. ಅಂಥ 10,000 ಕಣಗಳಲ್ಲಿ 9,997 ಅದಕ್ಕೆ ಸಿಗಬೇಕು. ಫ್ಲೂ ವೈರಸ್ 0.1 ಮೈಕ್ರಾನಿನಷ್ಟು ಸಣ್ಣದು. ಅದು ಒಂಟಿಯಾಗಿ ಬಂದರೂ, ಎಂಜಲ ಹನಿಯೊಳಗೆ ಕೂತು ಬಂದರೂ ತಪ್ಪಿಸಿಕೊಳ್ಳುವುದು ಬಹಳ ಕಷ್ಟ.

ಆದರೆ ಹೆಪಾಗೆ ಎಲ್ಲವೂ ಸಾಧ್ಯವಿಲ್ಲ. ಅದು ಕಣಗಳನ್ನು ಹಿಡಿಯುತ್ತದೆಯೇ ಹೊರತು ಅನಿಲವನ್ನು ಅಲ್ಲ. ನಾವು ಬಿಡುವ ಇಂಗಾಲದ ಡೈಆಕ್ಸೈಡ್ ಅದರ ಮೂಲಕ ಸಲೀಸಾಗಿ ಹಾದುಹೋಗುತ್ತದೆ. ಹೊರಗಿನ ಗಾಳಿ ಬೇಕೇ ಬೇಕು ಎನ್ನುವುದು ಅದಕ್ಕೆ. ಎಂಜಿನ್ನಿನೊಳಗೆ ಎಣ್ಣೆಯನ್ನು ತಡೆದಿಡುವ ಸೀಲು ಸವೆದರೆ ಎಣ್ಣೆಯ ಹೊಗೆ ಈ ಗಾಳಿಯ ಜೊತೆ ಒಳಗೆ ಬರುವುದೂ ಉಂಟು. ಆಗ ಒಗೆಯದ ಸಾಕ್ಸಿನಂಥ ವಾಸನೆ ಬರುತ್ತದೆ ಎಂದು ವಿಮಾನದ ಸಿಬ್ಬಂದಿ ಹೇಳುತ್ತಾರೆ. ಇದು ಅಪರೂಪ, ಆದರೆ ಉಪೇಕ್ಷೆ ಮಾಡುವ ವಿಷಯವಲ್ಲ. ದಿನವೂ ಅಲ್ಲಿ ಕೆಲಸ ಮಾಡುವವರ ಆರೋಗ್ಯದ ಪ್ರಶ್ನೆ ಅದು. ವಾಸನೆ, ಅನಿಲಗಳನ್ನು ಹೀರಿಕೊಳ್ಳುವ ಇದ್ದಿಲಿನ ಫಿಲ್ಟರುಗಳನ್ನು ಕೆಲವು ವಿಮಾನಗಳಲ್ಲಿ ಅಳವಡಿಸಿದ್ದಾರೆ. 2011ರಲ್ಲಿ ಪ್ರಯಾಣಿಕರ ಸೇವೆಗೆ ಬಂದ ಬೋಯಿಂಗ್ 787 ಬೇರೆಯೇ ದಾರಿ ಹಿಡಿಯಿತು. ಅದು ಒಳಗಿನ ಗಾಳಿಯನ್ನು ಎಂಜಿನ್ನಿನಿಂದ ತೆಗೆದುಕೊಳ್ಳುವುದೇ ಇಲ್ಲ. ಹೊಟ್ಟೆಯ ಬಳಿ ಇರುವ ಬೇರೆ ಬಾಯಿಗಳಿಂದ ಹೊರಗಿನ ಗಾಳಿ ಎಳೆದು, ವಿದ್ಯುತ್ ಕಂಪ್ರೆಸರುಗಳಿಂದ ಒತ್ತುತ್ತದೆ. ನನ್ನ ಮಟ್ಟಿಗೆ ಇದು ಸರಿಯಾದ ದಾರಿ.

ಗಾಳಿ ಹರಿಯುವ ದಿಕ್ಕನ್ನೂ ಜಾಣತನದಿಂದ ಯೋಚಿಸಿದ್ದಾರೆ. ಮುಂದಿನ ಸಲ ಕಿಟಕಿ ಪಕ್ಕ ಕೂತಾಗ ಕಾಲ ಬಳಿ, ಗೋಡೆ ನೆಲವನ್ನು ಸೇರುವಲ್ಲಿ ನೋಡಿ. ಉದ್ದನೆಯ ಸೀಳುಗಳು ಕಾಣುತ್ತವೆ. ಗಾಳಿ ತಲೆಯ ಮೇಲಿನಿಂದ ಇಳಿದು ನಿಮ್ಮ ಸಾಲಿನ ಆಸುಪಾಸಿನಲ್ಲೇ ಸುತ್ತಿ ಆ ಸೀಳುಗಳಿಂದ ಹೊರಹೋಗುತ್ತದೆ. ಮೊದಲ ಸಾಲಿನವರು ಸೀನಿದ್ದು ಕೊನೆಯ ಸಾಲಿನ ತನಕ ಬಾರದಿರಲಿ ಎಂದು ಈ ಏರ್ಪಾಡು. ಆದರೆ ಪಕ್ಕದಲ್ಲೇ ಕೂತವರು ಕೆಮ್ಮಿದರೆ ಹನಿಗಳು ಫಿಲ್ಟರ್ ಮುಟ್ಟುವ ಮೊದಲೇ ನಿಮ್ಮನ್ನು ಮುಟ್ಟಬಹುದು. ಅಲ್ಲಿ ಉಪಯೋಗಕ್ಕೆ ಬರುವುದು ಮಾಸ್ಕು.

ಗಾಳಿ ಇಷ್ಟು ಶುದ್ಧವಾಗಿದ್ದರೂ ಬಹಳ ಒಣಗಿರುತ್ತದೆ. ಅಷ್ಟು ಚಳಿಯ ಗಾಳಿಯಲ್ಲಿ ನೀರಿನ ಆವಿ ಇರುವುದೇ ಇಲ್ಲ ಎನ್ನಬಹುದು. ಒಳಗಿನ ತೇವಾಂಶ ನೂರಕ್ಕೆ 20ರ ಒಳಗೇ ಇರುವುದು ಸಾಮಾನ್ಯ. ತುಟಿ, ಮೂಗು ಒಣಗುವುದು ಅದರಿಂದ. ಆಗಾಗ ನೀರು ಕುಡಿಯಿರಿ.

ವಿಮಾನದೊಳಗಿನ ಗಾಳಿ ಯಂತ್ರಗಳಿಂದ ಮಾತ್ರ ಸುಧಾರಿಸಲಿಲ್ಲ. ಶೌಚಾಲಯದ ಬಾಗಿಲಲ್ಲಿ ಅಥವಾ ಅದರ ಹತ್ತಿರ ಇಂದಿಗೂ ಸಿಗರೇಟಿನ ಬೂದಿ ಹಾಕುವ ಪುಟ್ಟ ತಟ್ಟೆ ಇರುತ್ತದೆ. ಸೇದುವುದು ಪೂರ್ತಿ ನಿಷೇಧ. ಆದರೂ ಯಾರಾದರೂ ನಿಯಮ ಮುರಿದರೆ, ಉರಿಯುವ ತುಂಡನ್ನು ಕಾಗದದ ಬುಟ್ಟಿಗೆ ಎಸೆದು ಬೆಂಕಿ ಹತ್ತಿಸದಿರಲಿ ಎಂದು ಆ ತಟ್ಟೆ ಇಡಲೇಬೇಕೆಂಬ ನಿಯಮವಿದೆ. ಹಿಂದೆ ಜನ ವಿಮಾನದಲ್ಲಿ ತಮ್ಮ ಸೀಟಿನಲ್ಲೇ ಕೂತು ಸೇದುತ್ತಿದ್ದರು. ಸೇದುವವರಿಗೆ ಕೆಲವು ಸಾಲು, ಸೇದದವರಿಗೆ ಕೆಲವು ಸಾಲು. ನಡುವೆ ಗೋಡೆ ಇಲ್ಲ! ಆ ಹೊಗೆಯಲ್ಲಿ ದಿನವಿಡೀ ಓಡಾಡುತ್ತಿದ್ದವರು ಗಗನಸಖಿಯರು. ಅಮೆರಿಕದ ನಾರ್ಮಾ ಬ್ರೋಯಿನ್ ಅವರಲ್ಲೊಬ್ಬರು. ಅವರು ಸಿಗರೇಟು ಸೇದುವವರಾಗಿರಲಿಲ್ಲ. ಆದರೂ ಚಿಕ್ಕ ವಯಸ್ಸಿನಲ್ಲೇ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. 1991ರಲ್ಲಿ ಅವರೂ ಜೊತೆಗಾರರೂ ತಂಬಾಕು ಕಂಪನಿಗಳ ಮೇಲೆ ಮೊಕದ್ದಮೆ ಹೂಡಿದರು. 1997ರಲ್ಲಿ ರಾಜಿಯಾಗಿ, ಕಂಪನಿಗಳು ಸಂಶೋಧನೆಗೆಂದು 30 ಕೋಟಿ ಡಾಲರ್ ಕೊಡಬೇಕಾಯಿತು. ಗಗನಸಖಿಯರು ಬಿಡದೆ ದನಿ ಎತ್ತಿದ್ದರಿಂದ ಕಾನೂನೂ ಹೆಜ್ಜೆಹೆಜ್ಜೆಯಾಗಿ ಬದಲಾಯಿತು. ಅಮೆರಿಕದಲ್ಲಿ 1988ರಲ್ಲಿ ಎರಡು ಗಂಟೆಯೊಳಗಿನ ಪ್ರಯಾಣದಲ್ಲಿ ಸಿಗರೇಟು ನಿಂತಿತು. 1990ರಲ್ಲಿ ದೇಶದೊಳಗಿನ ಬಹುಪಾಲು ಪ್ರಯಾಣಗಳಲ್ಲಿ, 2000ದಲ್ಲಿ ಆ ದೇಶಕ್ಕೆ ಹೋಗಿಬರುವ ಎಲ್ಲ ವಿಮಾನಗಳಲ್ಲಿ. ಇಂದು ನೀವು ವಿಮಾನದಲ್ಲಿ ಹೊಗೆಯಿಲ್ಲದ ಗಾಳಿ ಉಸಿರಾಡುವುದರ ಹಿಂದೆ ಇವರ ಹೋರಾಟವಿದೆ.

ಗಾಳಿ ಬದಲಾಗುವುದೇ ನಿಂತರೆ ಏನಾಗುತ್ತದೆ ಎನ್ನುವುದಕ್ಕೆ ಈಗ 1977ರ ಒಂದು ಘಟನೆ. ಅಮೆರಿಕದ ಅಲಾಸ್ಕಾದಲ್ಲಿ 54 ಜನರಿದ್ದ ಒಂದು ಜೆಟ್ ವಿಮಾನ ಮೇಲೇರಲು ಹೊರಟಾಗ ಎಂಜಿನ್ ಕೆಟ್ಟಿತು. ಮೂರು ಗಂಟೆ ಅದು ನೆಲದ ಮೇಲೇ ನಿಂತಿತ್ತು. ಹೆಚ್ಚಿನವರು ಒಳಗೇ ಕೂತಿದ್ದರು. ಗಾಳಿ ಬದಲಾಯಿಸುವ ವ್ಯವಸ್ಥೆ ನಿಂತುಹೋಗಿತ್ತು. ಅವರಲ್ಲಿ ಒಬ್ಬರಿಗೆ ಫ್ಲೂ ಇತ್ತು. ಮೂರು ದಿನದೊಳಗೆ ಪ್ರಯಾಣಿಕರಲ್ಲಿ ನೂರಕ್ಕೆ 72 ಜನ ಕೆಮ್ಮು, ಜ್ವರದಿಂದ ಮಲಗಿದರು! ಇದನ್ನು ತನಿಖೆ ಮಾಡಿದ ವೈದ್ಯರು, ಗಾಳಿ ಆಡದೇ ಇದ್ದದ್ದರಿಂದಲೇ ಇಷ್ಟೊಂದು ಜನರಿಗೆ ಹರಡಿರಬೇಕು ಎಂದರು. ನೋಡಿ, ಜನ ಕೆಟ್ಟ ಗಾಳಿಗೆ ಸಿಕ್ಕಿದ್ದು ಆಕಾಶದಲ್ಲಿ ಅಲ್ಲ, ನೆಲದ ಮೇಲೆ.

ವಿಮಾನ ನಿಂತಿರುವಾಗ ಎಂಜಿನ್ ಆರಿರುತ್ತದೆ. ಆಗ ಗಾಳಿ ಕೊಡುವುದು ಬಾಲದ ತುದಿಯಲ್ಲಿರುವ ಒಂದು ಪುಟ್ಟ ಎಂಜಿನ್. ಹಿಂದಿನಿಂದ ನೋಡಿದರೆ ಅಲ್ಲಿ ದುಂಡನೆಯ ತೂತು ಕಾಣುತ್ತದೆ. ಇಲ್ಲವೇ ನಿಲ್ದಾಣದವರು ದಪ್ಪ ಕೊಳವೆಯೊಂದನ್ನು ವಿಮಾನದ ಹೊಟ್ಟೆಗೆ ಜೋಡಿಸಿ ತಂಪು ಗಾಳಿ ಊದುತ್ತಾರೆ. ಮಂಗಳೂರಿನಂಥ ಸೆಕೆಯ ಊರಿನಲ್ಲಿ ವಿಮಾನ ಹತ್ತಿದಾಗ ಮೇಲಿನಿಂದ ಬಿಳಿ ಹೊಗೆ ಇಳಿದಂತೆ ಕಂಡರೆ ಹೆದರಬೇಡಿ. ತಣ್ಣನೆಯ ಗಾಳಿ ತೇವದ ಗಾಳಿಯನ್ನು ಮುಟ್ಟಿದಾಗ ಹುಟ್ಟುವ ಮಂಜು ಅದು. ಗಾಳಿ ಬರುತ್ತಿದೆ ಎನ್ನುವುದಕ್ಕೆ ಗುರುತು.

ಗಾಳಿಯ ವ್ಯವಸ್ಥೆ ನಿಂತ ವಿಮಾನದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಪ್ರಯಾಣಿಕರನ್ನು ಕೂರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆದ್ದರಿಂದ ನೆತ್ತಿಯ ಮೇಲಿನ ಗುಂಡಿಯನ್ನು ತಿರುಗಿಸಿ ಗಾಳಿ ಬಿಟ್ಟುಕೊಳ್ಳಿ. ನಿಮಗೆ ಕೆಮ್ಮು ಇದ್ದರೆ ಮಾಸ್ಕ್ ಹಾಕಿಕೊಳ್ಳಿ. ನಿಂತ ವಿಮಾನದಲ್ಲಿ ಬಹಳ ಹೊತ್ತು ಗಾಳಿ ಬರದಿದ್ದರೆ ಸುಮ್ಮನೆ ಬೆವರುತ್ತಾ ಕೂರಬೇಡಿ. ಅಪ್ಪ ಅಮ್ಮನಿಗೆ ಹೇಳಿ, ಅವರು ಮುಜುಗರಪಟ್ಟರೆ ಸಿಬ್ಬಂದಿಯನ್ನು ನೀವೇ ಕರೆದು ಕೇಳಿ.