ಹೊಸ ಮನೆ, ಸೋತ ವರ್ಷ

(ಕೆರಾಡಿಯಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

  

ಬಹುಮಾನ ವಿತರಣೆಯ ದಿನ ಗೆದ್ದವರ ಬಗ್ಗೆ ಮಾತನಾಡುವುದು ವಾಡಿಕೆ. ಆದರೆ ಬಹುಮಾನದ ಪಟ್ಟಿಯಲ್ಲಿ ಹೆಸರಿರುವ ಮಕ್ಕಳು ಹತ್ತೋ ಇಪ್ಪತ್ತೋ; ಇಲ್ಲಿ ಚಪ್ಪಾಳೆ ತಟ್ಟಲು ಕುಳಿತಿರುವ ಮಕ್ಕಳು ಅದರ ಎಷ್ಟೋ ಪಟ್ಟು. ಆದ್ದರಿಂದ ಇಂದು ನಾನು ಸೋತ ಒಂದು ತಂಡದ ಕತೆಯನ್ನು ಆರಿಸಿಕೊಂಡಿದ್ದೇನೆ. ಅದೂ ಸ್ವಂತ ಮನೆಯಲ್ಲಿ, ದೀಪ ಪಟಾಕಿಗಳ ನಡುವೆ, ಎಲ್ಲರ ಕಣ್ಣೆದುರು ಸೋತ ತಂಡ. ಕ್ರಿಕೆಟ್ಟಿನ ಮಾತು ವಿದ್ಯಾಸಂಸ್ಥೆಯ ಸಭೆಯಲ್ಲಿ ಏಕೆ ಎಂದು ಹಿರಿಯರು ಹುಬ್ಬೇರಿಸಬೇಡಿ. ಕೊಯ್ಲು ಮುಗಿದ ಗದ್ದೆಯಲ್ಲಿ ಮೂರು ಕೋಲು ನೆಟ್ಟು ಟೆನ್ನಿಸ್ ಬಾಲಿನಲ್ಲಿ ಆಡದ ಹುಡುಗ ನಮ್ಮ ಕಡೆ ಯಾರಿದ್ದಾನೆ ಹೇಳಿ?

2008ರ ಏಪ್ರಿಲ್ 18ರ ರಾತ್ರಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಎಂಬ ಹೊಸ ಜಾತ್ರೆಯ ಮೊದಲ ಪಂದ್ಯ. ಕಟ್ಟಡ ಹಳೆಯದು, ಒಕ್ಕಲು ಹೊಸದು. ತಂಡದ ಹೆಸರು ಹೊಸದು, ಅಂಗಿ ಹೊಸದು, ಯಜಮಾನರು ಹೊಸಬರು. ವಿಜಯ ಮಲ್ಯರ ಕಂಪನಿ ಈ ತಂಡಕ್ಕೆ ಕೊಟ್ಟ ಬೆಲೆ 11 ಕೋಟಿ 16 ಲಕ್ಷ ಡಾಲರ್. ಎಂಟು ತಂಡಗಳಲ್ಲಿ ಮುಂಬೈ ಬಿಟ್ಟರೆ ಇದೇ ದುಬಾರಿ. ನಾಯಕ ನಮ್ಮ ರಾಹುಲ್ ದ್ರಾವಿಡ್. ಎದುರಿಗೆ ಕೋಲ್ಕತ್ತ. ಆ ತಂಡದ ಬ್ರೆಂಡನ್ ಮೆಕಲಮ್ ಎಂಬ ನ್ಯೂಜಿಲೆಂಡಿನವರು 73 ಎಸೆತಗಳಲ್ಲಿ ಔಟಾಗದೆ 158 ಹೊಡೆದರು, ಅದರಲ್ಲಿ 13 ಸಿಕ್ಸರ್. ಕೋಲ್ಕತ್ತ 222. ನಮ್ಮವರು 82ಕ್ಕೆ ಆಲೌಟ್. ಆ 82ರಲ್ಲಿ ಬ್ಯಾಟ್ ಹಿಡಿದ ಯಾರಿಗಿಂತಲೂ ಹೆಚ್ಚು ಓಟ ಮಾಡಿದ್ದು ಎದುರಾಳಿಗಳು ಧರ್ಮಕ್ಕೆ ಕೊಟ್ಟ ಇತರೆ ರನ್ನುಗಳು: 19. ಎರಡಂಕಿ ಮುಟ್ಟಿದ ಏಕೈಕ ಆಟಗಾರ ಪ್ರವೀಣ್ ಕುಮಾರ್. ಅವರು ತಂಡದಲ್ಲಿದ್ದುದು ಬೌಲಿಂಗ್ ಮಾಡಲು. ದ್ರಾವಿಡ್ 2. ದೆಹಲಿಯಿಂದ ಬಂದಿದ್ದ ಹತ್ತೊಂಬತ್ತರ ಹುಡುಗನೊಬ್ಬ 1. ಆ ಹುಡುಗನ ವಿಚಾರ ಆಮೇಲೆ ಹೇಳುತ್ತೇನೆ.

ಮೊದಲ ದಿನವೇ ಹೀಗಾದರೆ ಉಳಿದ ದಿನ ಹೇಗೆ? ಲೀಗಿನ 14 ಪಂದ್ಯಗಳಲ್ಲಿ ಬೆಂಗಳೂರು ಗೆದ್ದದ್ದು 4. ಅದರಲ್ಲಿ ಮೂರು ಪರಸ್ಥಳದಲ್ಲಿ: ಮುಂಬೈ, ಚೆನ್ನೈ, ಹೈದರಾಬಾದ್. ತಮ್ಮದೇ ಅಂಗಳದಲ್ಲಿ ಆಡಿದ ಏಳರಲ್ಲಿ ಗೆಲುವು ಒಂದೇ ಒಂದು, ಅದೂ ಡೆಕ್ಕನ್ ಚಾರ್ಜರ್ಸ್ ವಿರುದ್ಧ ಮೂರೇ ರನ್ನಿನ ಅಂತರದಲ್ಲಿ. ನಮ್ಮ ಕಡೆ ಹೊಸ ಮನೆಗೆ ಒಕ್ಕಲಾದ ವರ್ಷ ಒಂದು ದನ ಸತ್ತರೂ ವಾಸ್ತು ನೋಡಿಸುತ್ತಾರಲ್ಲ, ಅದೇ ರೀತಿ ಊರೆಲ್ಲ ಕಾರಣ ಹುಡುಕಲು ಶುರುಮಾಡಿತು.

ಕಾರಣ ಸುಲಭವಾಗಿಯೇ ಸಿಕ್ಕಿತು. ದ್ರಾವಿಡ್, ಕಾಲಿಸ್, ವಸೀಂ ಜಾಫರ್, ಚಂದ್ರಪಾಲ್ ಇವರೆಲ್ಲ ಐದು ದಿನ ಆಡುವವರು, ಇವರಿಂದ ಇಪ್ಪತ್ತು ಓವರಿನ ಆಟ ಆಗುವುದೇ? ಇದು ಟೆಸ್ಟ್ ತಂಡ ಎಂದು ಜನ ನಕ್ಕರು. ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಆದರೆ ಇನ್ನರ್ಧ ನೋಡಿ. ಗಿಲ್‌ಕ್ರಿಸ್ಟ್, ಗಿಬ್ಸ್, ಸೈಮಂಡ್ಸ್, ಶಾಹಿದ್ ಅಫ್ರಿದಿ, ಹೀಗೆ ಹೊಡೆಯುವವರನ್ನೇ ಗುಡ್ಡೆ ಹಾಕಿಕೊಂಡಿದ್ದ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಆ ವರ್ಷ ಎರಡೇ ಪಂದ್ಯ ಗೆದ್ದು ಎಂಟನೆಯ, ಅಂದರೆ ಕೊನೆಯ ಸ್ಥಾನಕ್ಕೆ ಹೋಯಿತು. ನಮ್ಮವರು ಏಳನೆಯವರು. ಎಲ್ಲರಿಗಿಂತ ಅಗ್ಗಕ್ಕೆ ಕೊಂಡಿದ್ದ ರಾಜಸ್ಥಾನ ಕಪ್ ಎತ್ತಿತು. ಆಟಗಾರರ ಹರಾಜು ನಡೆದದ್ದು ಫೆಬ್ರವರಿ 20ಕ್ಕೆ, ಆಟ ಶುರುವಾದದ್ದು ಏಪ್ರಿಲ್ 18ಕ್ಕೆ. ಎರಡು ತಿಂಗಳೂ ಇಲ್ಲ. ಅಷ್ಟರಲ್ಲಿ ಪರಸ್ಪರ ಹೆಸರು ಕೂಗಲು ಕಲಿಯಬಹುದು. ಕ್ಯಾಚಿಗೆ ಓಡುವಾಗ ಯಾರು ನಿಲ್ಲಬೇಕು, ಯಾರು ಹಿಡಿಯಬೇಕು ಎಂಬುದು ಅಷ್ಟು ಬೇಗ ಮೈಗೆ ಹತ್ತುವುದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಸೋತ ಆಟಗಾರರು ಹಾಗೆನ್ನಲಿಲ್ಲ. ಯಜಮಾನರಿಗೆ ಕುಣಿಯುವವರೇ ಡೊಂಕಾಗಿ ಕಂಡರು. ಪಂದ್ಯಾವಳಿ ಅರ್ಧಕ್ಕೆ ಬರುವಷ್ಟರಲ್ಲಿ ತಂಡದ ಮುಖ್ಯಾಧಿಕಾರಿ ಚಾರು ಶರ್ಮ ಹೊರನಡೆದರು, ಬ್ರಿಜೇಶ್ ಪಟೇಲ್ ಒಳಬಂದರು. ಆಟಗಾರರ ಆಯ್ಕೆಯನ್ನು ಚಾರು ಶರ್ಮ ಮತ್ತು ದ್ರಾವಿಡ್ ಕೈಗೆ ಬಿಟ್ಟದ್ದೇ ತಪ್ಪಾಯಿತು ಎಂಬ ಅರ್ಥದ ಮಾತನ್ನು ಮಲ್ಯ ಪತ್ರಿಕೆಗಳ ಮುಂದೆಯೇ ಆಡಿದರು. ಮುಂದಿನ ವರ್ಷಕ್ಕೆ ತರಬೇತುದಾರ ವೆಂಕಟೇಶ ಪ್ರಸಾದ್ ಇರಲಿಲ್ಲ, ದ್ರಾವಿಡರ ನಾಯಕತ್ವವೂ ಇರಲಿಲ್ಲ. ಆ ಸೋತ ವರ್ಷದಲ್ಲಿ ತಂಡದ ಪರವಾಗಿ ಅತಿ ಹೆಚ್ಚು ರನ್ ಹೊಡೆದವರು ಅದೇ ದ್ರಾವಿಡ್, 371. ಬೈಸಿಕೊಂಡವನೇ ಹೆಚ್ಚು ದುಡಿದಿದ್ದ. ಇದು ಬರೀ ಕ್ರಿಕೆಟ್ಟಿನಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ ಎಂದು ಇಲ್ಲಿರುವ ಅಧ್ಯಾಪಕರಿಗೆ ನಾನು ವಿವರಿಸಬೇಕಾಗಿಲ್ಲ.

ಅದೇ 2008ರಲ್ಲಿ ಸಮುದ್ರದ ಆಚೆ ಇಂಥದೇ ಇನ್ನೊಂದು ಕತೆ ನಡೆದಿತ್ತು. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ದುಂಡನೆಯ ಕೋಲಿನಿಂದ ಚೆಂಡು ಹೊಡೆದು ನಾಲ್ಕು ಮೂಲೆಗಳನ್ನು ಸುತ್ತಿ ಓಡಿ ಬರುವ ಆಟ, ಕ್ರಿಕೆಟ್ಟಿನ ದಾಯಾದಿ ಎನ್ನಬಹುದು. ವಾಷಿಂಗ್ಟನ್ ನಗರದ ತಂಡಕ್ಕೆ ನ್ಯಾಷನಲ್ಸ್ ಎಂದು ಹೆಸರು. ಕೆನಡಾದ ಮಾಂಟ್ರಿಯಲ್‌ನಿಂದ 2005ರಲ್ಲಿ ಎದ್ದು ಬಂದ ತಂಡ ಅದು. ಮೂರು ವರ್ಷ ಹಳೆಯ ಕ್ರೀಡಾಂಗಣದಲ್ಲಿ ಬಿಡಾರ ಹೂಡಿತ್ತು. ನಗರಾಡಳಿತ ಬಹುಪಾಲು ಸಾರ್ವಜನಿಕ ಹಣದಿಂದಲೇ, 60 ಕೋಟಿ ಡಾಲರಿಗೂ ಮೀರಿ ಖರ್ಚು ಮಾಡಿ, 41 ಸಾವಿರ ಜನ ಕೂರುವ ಹೊಸ ಕ್ರೀಡಾಂಗಣ ಕಟ್ಟಿಸಿಕೊಟ್ಟಿತು. ಮಾರ್ಚ್ 30ಕ್ಕೆ ಗೃಹಪ್ರವೇಶ. ಅಧ್ಯಕ್ಷ ಬುಷ್ ಬಂದು ಮೊದಲ ಚೆಂಡು ಎಸೆದರು. ಪಂದ್ಯ ಕೊನೆಯ ಸುತ್ತಿಗೆ ಬಂದಾಗ ರಯಾನ್ ಜಿಮ್ಮರ್‌ಮನ್ ಎಂಬ ಹುಡುಗ ಚೆಂಡನ್ನು ಗ್ಯಾಲರಿಗೆ ಬಾರಿಸಿ 3-2ರಿಂದ ಗೆಲ್ಲಿಸಿದ. ಇದಕ್ಕಿಂತ ಚೆಂದದ ಒಕ್ಕಲು ಬೇಕೇ?

ಆಮೇಲೆ? ಆ ವರ್ಷ ಆಡಿದ 161 ಪಂದ್ಯಗಳಲ್ಲಿ 59 ಗೆಲುವು, 102 ಸೋಲು. ಇಡೀ ಲೀಗಿನಲ್ಲಿ ಅದಕ್ಕಿಂತ ಕೆಟ್ಟ ಲೆಕ್ಕ ಯಾರದೂ ಇರಲಿಲ್ಲ. ಮರುವರ್ಷ 59 ಗೆಲುವು, 103 ಸೋಲು. ಒಂದು ಸೋಲು ಜಾಸ್ತಿಯೇ ಆಯಿತು! ಹುಲ್ಲು ಹೊಸದು, ಕುರ್ಚಿ ಹೊಸದು, ರನ್ ಬರೆಯುವ ಹಲಗೆ ಹೊಸದು. ಅದರ ಮೇಲೆ ಮೂಡುವ ಅಂಕಿ ಮಾತ್ರ ಹಳೆಯದು.

ಆ ದೇಶದ ಬೇಸ್‌ಬಾಲ್‌ನಲ್ಲಿ 2022ರ ತನಕ ಒಂದು ವ್ಯವಸ್ಥೆ ಇತ್ತು, ಅದು ನನಗೆ ಬಹಳ ಹಿಡಿಸಿತು. ಶಾಲೆ ಕಾಲೇಜುಗಳಿಂದ ಹೊಸ ಆಟಗಾರರನ್ನು ಆರಿಸುವಾಗ ಮೊದಲ ಆಯ್ಕೆಯ ಹಕ್ಕು ಗೆದ್ದವನಿಗಲ್ಲ. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದವನಿಗೆ. ಬಂಡವಾಳದ ದೇಶ, ಗೆದ್ದವನೇ ದೊಡ್ಡವನು ಎನ್ನುವ ದೇಶ. ಆದರೂ ಹಿಂದುಳಿದವನಿಗೆ ಮೊದಲ ಪಾಲು ಕೊಡದಿದ್ದರೆ ಆಟವೇ ಸಪ್ಪೆಯಾಗುತ್ತದೆ ಎಂಬ ವ್ಯವಹಾರ ಜ್ಞಾನ ಅವರಿಗಿತ್ತು. ನಮ್ಮಲ್ಲಿ ಮೀಸಲಾತಿ ಎಂಬ ಮಾತು ಕೇಳಿದೊಡನೆ ಪ್ರತಿಭೆ ಸತ್ತೇಹೋಯಿತು ಎಂದು ಎದೆ ಬಡಿದುಕೊಳ್ಳುವವರು ಇದನ್ನು ಒಮ್ಮೆ ಓದಬೇಕು. ಎರಡು ವರ್ಷ ಸೋತ ವಾಷಿಂಗ್ಟನ್ 2009ರಲ್ಲಿ ಸ್ಟೀಫನ್ ಸ್ಟ್ರಾಸ್‌ಬರ್ಗ್‌ನನ್ನೂ 2010ರಲ್ಲಿ ಬ್ರೈಸ್ ಹಾರ್ಪರ್‌ನನ್ನೂ ಮೊದಲ ಆಯ್ಕೆಯಾಗಿ ಪಡೆಯಿತು. 2012ರಲ್ಲಿ 98 ಪಂದ್ಯ ಗೆದ್ದಿತು. 2019ರಲ್ಲಿ ಅಲ್ಲಿಯವರು ವಿಶ್ವ ಸರಣಿ ಎಂದು ಕರೆಯುವ ದೊಡ್ಡ ಕಿರೀಟ ತೊಟ್ಟಿತು. ಆ ಸರಣಿಯ ಶ್ರೇಷ್ಠ ಆಟಗಾರ ಸ್ಟ್ರಾಸ್‌ಬರ್ಗ್. ಗೃಹಪ್ರವೇಶದ ದಿನ ಗೆಲ್ಲಿಸಿದ ಜಿಮ್ಮರ್‌ಮನ್ ಆಗಲೂ ತಂಡದಲ್ಲಿದ್ದ. ಒಂದು ವಿಚಿತ್ರ ಕೇಳಿ. ಆ ಸರಣಿಯ ನಾಲ್ಕೂ ಗೆಲುವು ಬಂದದ್ದು ಎದುರಾಳಿಯ ಊರಾದ ಹ್ಯೂಸ್ಟನ್ನಿನಲ್ಲಿ. ಸ್ವಂತ ಕ್ರೀಡಾಂಗಣದಲ್ಲಿ ಆಡಿದ ಮೂರನ್ನೂ ವಾಷಿಂಗ್ಟನ್ ಸೋತಿತ್ತು.

ಈಗ ಬೆಂಗಳೂರಿಗೆ ಮರಳೋಣ. ಚಿನ್ನಸ್ವಾಮಿ ಕ್ರೀಡಾಂಗಣ ನಿಜವಾಗಿಯೂ ಹೊಸದಾಗಿದ್ದಾಗ ಏನಾಯಿತು ಗೊತ್ತೇ? ಅಲ್ಲಿ ಮೊದಲ ಟೆಸ್ಟ್ ನಡೆದದ್ದು 1974ರ ನವೆಂಬರಿನಲ್ಲಿ, ವೆಸ್ಟ್ ಇಂಡೀಸ್ ಜೊತೆ. ಕರ್ನಾಟಕ ಮೊಟ್ಟಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದ ವರ್ಷವದು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಹೆಸರುಗಳು ಮನೆಮಾತಾಗಿದ್ದ ಕಾಲ. ಭಾರತದ ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿ. ಭಾರತ 267 ರನ್ನುಗಳಿಂದ ಸೋತಿತು. ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಟೆಸ್ಟ್ ಲೋಕಕ್ಕೆ ಕಾಲಿಟ್ಟದ್ದು ಅದೇ ಪಂದ್ಯದಲ್ಲಿ. ಆ ಸರಣಿಯಲ್ಲಿ ಮೊದಲ ಎರಡನ್ನು ಸೋತ ಪಟೌಡಿಯವರ ತಂಡ ಕಲ್ಕತ್ತ, ಮದರಾಸುಗಳನ್ನು ಗೆದ್ದು ಸಮ ಮಾಡಿಕೊಂಡು ಕೊನೆಯದರಲ್ಲಿ ಸೋತಿತು. ಹೀಗೆ ಮನೆಗೆ ಮೊದಲು ಬಂದದ್ದು ಸೋಲೇ.

ಆ ಹತ್ತೊಂಬತ್ತರ ಹುಡುಗನ ಮಾತು ಬಾಕಿ ಇದೆ. ವಿರಾಟ್ ಕೊಹ್ಲಿ ಆ ಮಾರ್ಚಿನಲ್ಲಷ್ಟೇ ಹತ್ತೊಂಬತ್ತರೊಳಗಿನವರ ವಿಶ್ವಕಪ್ ಗೆದ್ದ ತಂಡದ ನಾಯಕನಾಗಿ ಬಂದಿದ್ದ. 2008ರ ಐಪಿಎಲ್‌ನಲ್ಲಿ 13 ಪಂದ್ಯಗಳಿಂದ ಅವನ ಒಟ್ಟು ರನ್ 165. ಇಂಥ ಅಂಕಪಟ್ಟಿ ತಂದ ಹುಡುಗನನ್ನು ಏನು ಮಾಡಬೇಕು? ಬೆಂಗಳೂರು ಮುಖ್ಯಾಧಿಕಾರಿಯನ್ನು ಕಳಿಸಿತು, ತರಬೇತುದಾರರನ್ನು ಕಳಿಸಿತು, ನಾಯಕನನ್ನು ಇಳಿಸಿತು. ಈ ಹುಡುಗನನ್ನು ಮಾತ್ರ ಉಳಿಸಿಕೊಂಡಿತು. ಆ ಗಲಾಟೆಯ ವರ್ಷದಲ್ಲಿ ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ನನ್ನ ಅಭಿಪ್ರಾಯ. ಅವನು 2025ರ ತನಕ, ಹದಿನೆಂಟು ಸೀಸನ್ ಅದೇ ತಂಡದಲ್ಲಿ ಆಡಿದ. ಇಳಿಸಲ್ಪಟ್ಟ ದ್ರಾವಿಡ್ ತರಬೇತುದಾರರಾಗಿದ್ದ ಭಾರತ ತಂಡ 2024ರಲ್ಲಿ ಇಪ್ಪತ್ತು ಓವರಿನ ವಿಶ್ವಕಪ್ಪನ್ನೇ ಗೆದ್ದಿತು. ಯಾವ ಆಟ ಇವರಿಗೆ ಬರುವುದಿಲ್ಲ ಎಂದು ನಕ್ಕಿದ್ದರೋ ಅದೇ ಆಟ.

ಸೋಲಿನ ಮರುವರ್ಷ, 2009ರಲ್ಲಿ, ಐಪಿಎಲ್ ದಕ್ಷಿಣ ಆಫ್ರಿಕಕ್ಕೆ ಹೋಯಿತು. ಸ್ವಂತ ಅಂಗಳವೇ ಇಲ್ಲದ ಆ ವರ್ಷ ಅನಿಲ್ ಕುಂಬ್ಳೆ ತಂಡವನ್ನು ಫೈನಲಿಗೆ ಒಯ್ದರು, ಫೈನಲಿನಲ್ಲಿ 16 ರನ್ನಿಗೆ 4 ವಿಕೆಟ್ ಕಿತ್ತರು. ಆರು ರನ್ನಿನಿಂದ ಸೋತರು. ಸೋಲಿಸಿದ್ದು ಯಾರು? ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ಅದೇ ಡೆಕ್ಕನ್ ಚಾರ್ಜರ್ಸ್. 2011ರಲ್ಲಿ ಮತ್ತೆ ಫೈನಲ್, ಮತ್ತೆ ಸೋಲು. 2016ರ ಫೈನಲ್ ಚಿನ್ನಸ್ವಾಮಿಯಲ್ಲೇ, ಎಂಟು ರನ್ನಿನ ಸೋಲು. 2017ರಲ್ಲಿ ಒಂದು ಪಂದ್ಯದಲ್ಲಿ 49ಕ್ಕೆ ಆಲೌಟ್. ಪ್ರತಿ ವರ್ಷ ಜನ ‘ಈ ಸಲ ಕಪ್ ನಮ್ದೆ’ ಎನ್ನುತ್ತಿದ್ದರು, ಉಳಿದ ಊರಿನವರು ಅದನ್ನೇ ಹೇಳಿ ಅಣಕಿಸುತ್ತಿದ್ದರು, ಮರುವರ್ಷ ಮತ್ತೆ ಟಿಕೆಟ್ಟಿಗೆ ಸಾಲು. ಈ ಸಾಲಿನಲ್ಲಿ ನಿಂತವರಿಗೆ ಪಾಲುಬಂಡವಾಳ ಇರಲಿಲ್ಲ, ಸಂಬಳ ಇರಲಿಲ್ಲ. ಸೋಲನ್ನು ಹದಿನೇಳು ವರ್ಷ ಹೊತ್ತವರು ಅವರೇ.

ಹೆಣ್ಣುಮಕ್ಕಳ ವಿಷಯ ಬಿಡುವಂತಿಲ್ಲ. ಬೆಂಗಳೂರಿನ ಮಹಿಳಾ ತಂಡ 2023ರ ತನ್ನ ಮೊದಲ ವರ್ಷದಲ್ಲಿ ಮೊದಲ ಐದು ಪಂದ್ಯ ಸತತ ಸೋತಿತು. ಮರುವರ್ಷ ಸ್ಮೃತಿ ಮಂಧಾನ ನಾಯಕತ್ವದಲ್ಲಿ ಕಪ್ ಗೆದ್ದಿತು. ಈ ಹೆಸರಿಗೆ ಮೊದಲ ಕಪ್ ತಂದವರು ಅವರು, ಗಂಡಸರಲ್ಲ. 2025ರಲ್ಲಿ ಚಾಂಪಿಯನ್ನರಾಗಿ ಚಿನ್ನಸ್ವಾಮಿಗೆ ಬಂದು ಅಲ್ಲಿ ಆಡಿದ ನಾಲ್ಕನ್ನೂ ಸೋತರು. ಮನೆಯೆಂಬುದು ಗೆಲ್ಲಿಸುವುದಿಲ್ಲ ಎನ್ನಲು ಇನ್ನೆಷ್ಟು ಸಾಕ್ಷಿ?

ಅದೇ 2025ರಲ್ಲಿ ಗಂಡಸರ ತಂಡವೂ ತವರಿನ ಮೊದಲ ಮೂರು ಪಂದ್ಯ ಸೋತು, ಪರಸ್ಥಳದ ಏಳಕ್ಕೆ ಏಳನ್ನೂ ಗೆದ್ದು, ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಮಣಿಸಿತು. ಅಂತರ ಆರು ರನ್, ಕುಂಬ್ಳೆಯವರು ಸೋತಷ್ಟೇ. ಅಂದು ರಾತ್ರಿ ಕರಾವಳಿಯ ಪೇಟೆಗಳಲ್ಲೂ ಪಟಾಕಿ ಸಿಡಿಯಿತು.

ಮರುದಿನ ಜೂನ್ 4. ಕಪ್ಪು ಮನೆಗೆ ಬರುತ್ತದೆ ಎಂದು ತಿಳಿದು ಲಕ್ಷಾಂತರ ಜನ ಚಿನ್ನಸ್ವಾಮಿಯತ್ತ ನಡೆದರು. ಒಳಗೆ ಹಿಡಿಸುವುದು ಸುಮಾರು 35 ಸಾವಿರ. ಯಾವ ಗೇಟು ತೆರೆದಿದೆ, ಪಾಸು ಬೇಕೋ ಬೇಡವೋ, ಮೆರವಣಿಗೆ ಇದೆಯೋ ಇಲ್ಲವೋ ಎಂಬುದರಲ್ಲಿ ಗೊಂದಲ. ಗೇಟುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಸತ್ತರು. ಹೆಚ್ಚಿನವರು ಎಳೆಯ ಪ್ರಾಯದವರು, ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳಿಗೆ ಅಕ್ಕ ಅಣ್ಣ ಆಗುವ ವಯಸ್ಸಿನವರು. ಹದಿನೇಳು ವರ್ಷ ಸೋಲುತ್ತಿದ್ದಾಗಲೂ ಬಂದು ಕುಳಿತು ಎದ್ದು ಮನೆಗೆ ಹೋಗುತ್ತಿದ್ದ ಜನರಲ್ಲಿ ಹನ್ನೊಂದು ಮಂದಿ ಗೆದ್ದ ದಿನ ಮನೆಗೆ ಹೋಗಲಿಲ್ಲ. ಹೊರಗೆ ಸಾವಾಗಿದ್ದಾಗಲೂ ಒಳಗೆ ಸಂಭ್ರಮ ಸ್ವಲ್ಪ ಹೊತ್ತು ನಡೆಯಿತು.

2008ರಲ್ಲಿ ಕೆಲವು ಪಂದ್ಯ ಸೋತದ್ದಕ್ಕೆ ಯಾರ ತಲೆದಂಡ ಎಂದು ವಾರದೊಳಗೆ ತೀರ್ಮಾನವಾಗಿತ್ತು. ಜೂನ್ 4ರ ಹೊಣೆ ಯಾರದು ಎಂಬುದಕ್ಕೆ ತಂಡ, ಕ್ರಿಕೆಟ್ ಸಂಸ್ಥೆ, ಸರಕಾರ, ಪೊಲೀಸರು ಒಬ್ಬರನ್ನೊಬ್ಬರು ತೋರಿಸಿದರು. ವಿಚಾರಣಾ ಆಯೋಗ ಕುಳಿತಿತು, ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆ ವರ್ಷದ ಮಹಿಳಾ ವಿಶ್ವಕಪ್ಪಿನ ಮೊದಲ ಪಂದ್ಯ ಬೆಂಗಳೂರಿಗೆ ಗೊತ್ತಾಗಿತ್ತು. ಬೆಂಗಳೂರಿಗೆ ಕೊಟ್ಟಿದ್ದ ಪಂದ್ಯಗಳನ್ನು ಅಲ್ಲಿಂದ ಎತ್ತಿ ಬೇರೆಡೆಗೆ, ಮುಖ್ಯವಾಗಿ ನವಿ ಮುಂಬೈಗೆ ಕೊಟ್ಟರು. ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕವನ್ನು 52 ರನ್ನಿನಿಂದ ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್ ಎತ್ತಿದ್ದು ಅಲ್ಲಿ.