ಜಾತ್ರೆಯ ಹಾಡಿಗೆ ಬಿಸಿಲಿನ ಕರೆಂಟು

(ಕಲ್ಯದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಸಂಕ್ರಾಂತಿ ಕಳೆದರೆ ನಮ್ಮ ಮಾಗಡಿ ಸೀಮೆಯಲ್ಲಿ ಜಾತ್ರೆ, ಹಬ್ಬಗಳ ಕಾಲ. ಪೂಜಾ ಕುಣಿತಕ್ಕೆ, ತಮಟೆಗೆ ಕರೆಂಟು ಬೇಕಿಲ್ಲ. ಆದರೆ ಸೋಬಾನೆ ಪದ ಹೇಳುವ ನಮ್ಮ ಅಜ್ಜಿಯಂದಿರ ದನಿ ಬಯಲಲ್ಲಿ ಕೂತ ಮುನ್ನೂರು ಜನಕ್ಕೆ ಕೇಳಬೇಕಾದರೆ ಮೈಕು ಬೇಕೇ ಬೇಕು. ಅದಕ್ಕಾಗಿ ಜನರೇಟರ್ ತರಿಸ್ತೀವಿ. ಅದು ವೇದಿಕೆ ಹಿಂದೆ ಗಡಗಡ ಅಂತಿದ್ದರೆ ಅಜ್ಜಿ ಹೇಳಿದ್ದು ಅರ್ಧ ಕೇಳಿಸೋದೇ ಇಲ್ಲ. ಇನ್ನು ಕೆಲವು ಕಡೆ ಕರೆಂಟು ಕಂಬಕ್ಕೆ ನೇರವಾಗಿ ಕೊಕ್ಕೆ ಹಾಕುತ್ತಾರೆ. ಅದು ಕಳ್ಳತನವೂ ಹೌದು, ಜೀವಕ್ಕೆ ಅಪಾಯವೂ ಹೌದು.

ಇದಕ್ಕೆ ಸೋಲಾರ್ ಆಗುತ್ತದೆಯೇ? ಆಗುತ್ತದೆ. ಬೆಂಗಳೂರಿನಲ್ಲಿ 2016ರಿಂದ ನಡೆದಿರುವ ‘ಎಕೋಸ್ ಆಫ್ ಅರ್ಥ್’ ಎಂಬ ಬಯಲು ಸಂಗೀತ ಉತ್ಸವದಲ್ಲಿ ಸೌರ ವಿದ್ಯುತ್ ಬಳಸಿದ್ದಾರೆ. ಕೋಲ್ಡ್‌ಪ್ಲೇ ಎಂಬ ಇಂಗ್ಲೆಂಡಿನ ತಂಡ 2022ರಲ್ಲಿ ಶುರು ಮಾಡಿದ ಪ್ರವಾಸದಲ್ಲಿ ಹಳೆಯ ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಯನ್ನೇ ವೇದಿಕೆಗೆ ಜೋಡಿಸಿತು. ಅವರದು ಕೋಟಿಗಳ ಲೆಕ್ಕ. ನಮ್ಮ ಲೆಕ್ಕ ಬೇರೆ.

ಒಂದು ಹಾಡಿನ ಕಾರ್ಯಕ್ರಮಕ್ಕೆ ಆಂಪ್ಲಿಫೈಯರ್ 250 ವ್ಯಾಟ್, ಮೈಕು ಮಿಕ್ಸರ್ 50, ಎಲ್‌ಇಡಿ ದೀಪ ಆರಕ್ಕೆ 300 ಎಂದು ಹಿಡಿಯೋಣ. ಒಟ್ಟು 600 ವ್ಯಾಟ್. ಐದು ಗಂಟೆಗೆ 3 ಯೂನಿಟ್. ಇನ್ವರ್ಟರ್ ತಿನ್ನುವುದನ್ನೂ ಸೇರಿಸಿದರೆ ಮೂರೂವರೆ. ಮಾಳಿಗೆ ಮೇಲೆ 1 ಕಿಲೋವ್ಯಾಟ್ ಪ್ಯಾನಲ್ ಇದ್ದರೆ ಒಳ್ಳೆ ಬಿಸಿಲಿನ ದಿನ ಸುಮಾರು 4 ಯೂನಿಟ್ ಕೊಡುತ್ತದೆ. ಜಾತ್ರೆ ಕಾಲದಲ್ಲಿ ನಮ್ಮಲ್ಲಿ ಬಿಸಿಲಿಗೇನು ಬರವೇ?

ಹಾಡು ರಾತ್ರಿ, ಸೂರ್ಯ ಹಗಲು. ಹಾಗಾಗಿ ಪ್ಯಾನಲ್ ಸಂಘದ ಮನೆ ಮೇಲೇ ಇರಲಿ, ಬಯಲಿಗೆ ಹೋಗುವುದು ತುಂಬಿದ ಬ್ಯಾಟರಿ ಮತ್ತು ಇನ್ವರ್ಟರ್. ಮನೆಯ ಯುಪಿಎಸ್‌ಗೆ ಇಡುವಂಥ 12 ವೋಲ್ಟ್ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1.8 ಯೂನಿಟ್ ಇರುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಅದರ ಆಯಸ್ಸು ಕಡಿಮೆ. ಅಂದರೆ ನಾಲ್ಕು ಬೇಕು. ಒಂದೊಂದೂ 50 ಕಿಲೋ ಮೇಲೆ, ಟೆಂಪೋದಲ್ಲಿ ವಾಲಿದರೆ ಆ್ಯಸಿಡ್ ಚೆಲ್ಲುತ್ತದೆ. ಲಿಥಿಯಂ ಫಾಸ್ಫೇಟ್ ಬ್ಯಾಟರಿ 48 ವೋಲ್ಟ್ 100 ಆಂಪಿಯರ್-ಅವರಿನದು ಒಂದೇ ಸಾಕು, ಇಬ್ಬರು ಎತ್ತಬಹುದು. ಬೆಲೆ ಜಾಸ್ತಿ, ನಿಜ. ಆದರೂ ಊರೂರಿಗೆ ಹೊತ್ತು ತಿರುಗುವ ಕೆಲಸಕ್ಕೆ ಅದೇ ಸರಿ ಅನ್ನುವುದು ನಮ್ಮ ಅಭಿಪ್ರಾಯ. ಇನ್ವರ್ಟರ್ ಮಾತ್ರ ‘ಪ್ಯೂರ್ ಸೈನ್ ವೇವ್’ ಎಂದು ಕೇಳಿ ತೆಗೆದುಕೊಳ್ಳಿ. ಅಗ್ಗದ್ದು ತಂದರೆ ಸ್ಪೀಕರ್ ರಾತ್ರಿಯಿಡೀ ಗುಂಯ್ ಅನ್ನುತ್ತದೆ.

ಡಿಜೆ ಬೇಕು ಅಂತ ಹುಡುಗರು ಬಂದರೆ ಆಗಲ್ಲ ಅಂತಲೇ ಹೇಳಿ. ಆ ಬಾಕ್ಸುಗಳು ಸಾವಿರಾರು ವ್ಯಾಟ್ ಎಳೆಯುತ್ತವೆ, ನಮ್ಮ ಬ್ಯಾಟರಿ ಒಂದು ಗಂಟೆಯೂ ತಡೆಯಲಾರದು. ಹತ್ತಿರದಲ್ಲೇ ಬೆಸ್ಕಾಂ ಲೈನ್ ಇದ್ದರೆ ಅರ್ಜಿ ಕೊಟ್ಟು ತಾತ್ಕಾಲಿಕ ಸಂಪರ್ಕ ಪಡೆಯುವುದೇ ಅಗ್ಗ. ನಮ್ಮ ಬ್ಯಾಟರಿಗೆ ಕೆಲಸ ಇರುವುದು ತೋಪಿನಲ್ಲಿ, ಬೆಟ್ಟದ ಬುಡದಲ್ಲಿ, ತಂತಿ ಹೋಗದ ಕಡೆ.

ಈಗ ದುಡ್ಡಿನ ಮಾತು. ಸೆಲ್ಕೋ ಸಂಸ್ಥೆ 1995ರಿಂದ ಕರ್ನಾಟಕದಲ್ಲಿ ಸೋಲಾರ್ ದೀಪದ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೆಂಗಳೂರಿನಲ್ಲಿ ಆ ಸಂಸ್ಥೆ ಒಂದು ಒಳ್ಳೆ ದಾರಿ ತೋರಿಸಿತು. ಒಬ್ಬರು ಹಗಲು ಸೋಲಾರಿನಿಂದ ಬ್ಯಾಟರಿ ತುಂಬಿಸಿಟ್ಟು ಸಂಜೆ ತಳ್ಳುಗಾಡಿಯವರಿಗೆ ದೀಪ ಬಾಡಿಗೆಗೆ ಕೊಡುವುದು. ವ್ಯಾಪಾರಿ ಪ್ಯಾನಲ್ ಕೊಳ್ಳಬೇಕಿಲ್ಲ, ಬೆಳಕಿಗೆ ಮಾತ್ರ ಕಾಸು. ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಸಂಘಗಳು ನಮ್ಮಲ್ಲೂ ಉಂಟು. ಅದರ ಜೊತೆಗೆ ಇದನ್ನೂ ಇಡಬಹುದು.

ಆದರೆ ಜಾತ್ರೆ ವರ್ಷಕ್ಕೊಂದು, ಸಾಲದ ಕಂತು ತಿಂಗಳಿಗೊಂದು. ಮಳೆಗಾಲದಲ್ಲಿ ಬ್ಯಾಟರಿ ಮೂಲೆಯಲ್ಲಿ ಕೂತರೆ ಬಡ್ಡಿ ಕೂರುವುದಿಲ್ಲ. ಆದ್ದರಿಂದ ಹಾಡಿಲ್ಲದ ದಿನ ಅದು ಯಾವ ಕೆಲಸ ಮಾಡುತ್ತದೆ ಅನ್ನುವುದನ್ನು ಮೊದಲು ಗೊತ್ತುಮಾಡಿ. ಹೊಲಿಗೆ ಯಂತ್ರದ ಸಣ್ಣ ಮೋಟಾರಿಗೆ ಸುಮಾರು 100 ವ್ಯಾಟ್ ಸಾಕು. ಕರೆಂಟು ಹೋದಾಗ ನಾಲ್ಕು ಯಂತ್ರ ನಿಲ್ಲದೆ ಓಡಿದರೆ ಅದೇ ಕಂತಿಗೆ ಆಧಾರ. ಅಂಥ ಕೆಲಸ ಇಲ್ಲದ ಸಂಘ ಒಂಟಿಯಾಗಿ ಸಾಲ ಎತ್ತುವುದು ಬೇಡ, ಮೂರು ನಾಲ್ಕು ಸಂಘ ಸೇರಿ ಒಂದು ಸೆಟ್ ಮಾಡಿಕೊಳ್ಳಲಿ.

ಮುಂದಿನ ಸಭೆಗೆ ಬರುವಾಗ ಪ್ರತಿ ಸಂಘದವರೂ ಎರಡು ವಿಷಯ ಬರೆದು ತನ್ನಿ: ಕಳೆದ ವರ್ಷ ನಿಮ್ಮೂರಲ್ಲಿ ಎಷ್ಟು ದಿನ ಜನರೇಟರ್ ಓಡಿತು, ಬಾಡಿಗೆ ಮತ್ತು ಡೀಸೆಲ್ಲಿಗೆ ಎಷ್ಟು ಕೊಟ್ಟರು. ಆ ಚೀಟಿಗಳನ್ನು ಮುಂದಿಟ್ಟುಕೊಂಡೇ ಬಾಡಿಗೆ ಎಷ್ಟು ಇಡಬೇಕು ಎಂದು ಕೂತು ಮಾತಾಡೋಣ.